ಹೋರ್ಡಿಂಗಿನ ಮೇಲಿನ ಮೈದುನ

ನನ್ನ ಮೈದುನನ ಕುತ್ತಿಗೆಯ ಬುಡದಲ್ಲಿ, ಅತ್ತೊಂದು ಇತ್ತೊಂದು, ಎರಡು ಗುಳಿಗಳಿದ್ದವು. ಒಂದೊಂದರಲ್ಲೂ ಒಂದೊಂದು ಉದ್ಧರಣೆ ನೀರು ನಿಲ್ಲುವಷ್ಟು ಆಳ. ಬೊಂಬಾಯಿಯಿಂದ ಫೋನು ಬಂದಾಗ ನಾನು ಅಡುಗೆಮನೆಯ ನೆಲದ ಮೇಲೆ ಕೂತು, ಹಾಲಿನಲ್ಲಿ ಬೆರಳದ್ದಿ ಹೂಬತ್ತಿ ಹೊಸೆಯುತ್ತಿದ್ದೆ. ಅವನ ಜೊತೆ ಮನೆ ಹಂಚಿಕೊಂಡಿದ್ದ ಗೆಳೆಯರೊಬ್ಬರು ಮಾತನಾಡಿದರು. ಬೆಳಿಗ್ಗೆ ಜಿಮ್ಮಿನಲ್ಲಿ ಕುಸಿದು ಬಿದ್ದನಂತೆ, ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟನಂತೆ. ಅಳು ಬರುವ ಮೊದಲು ನನ್ನ ಕಣ್ಣಿಗೆ ಕಟ್ಟಿದ್ದು ಆ ಎರಡು ಗುಳಿಗಳು. ಆಮೇಲೆ ಬಂದ ಯೋಚನೆ ಇನ್ನೂ ಕೆಟ್ಟದ್ದು: ಬೀಳುವಾಗಲೂ ಎದುರಿಗೆ ಕನ್ನಡಿ ಇದ್ದೇ ಇದ್ದಿರಬೇಕು.

ಸತ್ತವರ ಬಗ್ಗೆ ಹೀಗೆಲ್ಲ ಬರೆಯಬಾರದು. ಆದರೆ ಬದುಕಿದ್ದಾಗ ಮುಖಕ್ಕೇ ಹೇಳಿದ್ದನ್ನು ಈಗ ನುಂಗಿಕೊಂಡು ಹೊಗಳಿದರೆ ಅದೂ ಪಾಪವೇ.

ನಂಜನಗೂಡಿನ ಕಡೆಯಿಂದ ನಾನು ಬೆಸೆಂಟ್ ನಗರದ ಈ ಮನೆಗೆ ಸೊಸೆಯಾಗಿ ಬಂದಾಗ ಅವನಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ಇವರದು ನಾಲ್ಕು ತಲೆಮಾರಿನಿಂದ ಮದರಾಸಿನಲ್ಲೇ ಇದ್ದ ಮನೆತನ. ಅತ್ತಿಗೆ ಎನ್ನಲು ಅವನಿಗೆ ನಾಲಿಗೆ ತಿರುಗುತ್ತಿರಲಿಲ್ಲ, ಇಲ್ಲಿಯವರ ಹಾಗೆ ‘ಮನ್ನಿ’ ಎನ್ನುತ್ತಿದ್ದ. ಅತ್ತೆ ಆಗಲೇ ತೀರಿಕೊಂಡಿದ್ದರು. ಮಾವ ರಾಯಪುರಂನ ಬಂದರಿನ ಕಚೇರಿಯಲ್ಲಿ ಜೀವನವಿಡೀ ಗುಮಾಸ್ತರಾಗಿದ್ದು ನಿವೃತ್ತರಾದವರು. ಐದು ಗಂಟೆಗೆ ಎದ್ದು, ತಣ್ಣೀರು ಸುರಿದುಕೊಂಡು, ಗೋಪಿಚಂದನ ಹಚ್ಚಿ ಸಂಧ್ಯಾವಂದನೆಗೆ ಕೂರುತ್ತಿದ್ದರು. ಕಿರಿಮಗ ಎದ್ದು ಬರುತ್ತಿದ್ದದ್ದು ಒಂಬತ್ತಕ್ಕೆ. ಬಚ್ಚಲಿಗೆ ಹೋದರೆ ಮುಕ್ಕಾಲು ಗಂಟೆ. ಮನೆಯಲ್ಲಿ ಎರಡು ಬಚ್ಚಲು ಇದ್ದವು, ಅದು ಆ ಕೃಷ್ಣಪರಮಾತ್ಮ ನನಗೆ ಮಾಡಿದ ಮೊದಲ ಉಪಕಾರ.

ಅವನ ಉದ್ಯೋಗ ಮುಖ. ಮೊದಲು ಪ್ಯಾಂಟಿನ ಜಾಹೀರಾತು, ಆಮೇಲೆ ಕೈಗಡಿಯಾರದ್ದು, ಆಮೇಲೆ ಅಂಗಡಿ ಬಾಗಿಲಲ್ಲಿ ನಿಲ್ಲಿಸುವ ರಟ್ಟಿನ ಆಳೆತ್ತರದ ಚಿತ್ರ. ಅನ್ನ ಬಡಿಸಿದರೆ ತಟ್ಟೆ ಸರಿಸುತ್ತಿದ್ದ.

“ಅರಿಸಿ ತಿಂದ್ರೆ ಮುಖ ಊದುತ್ತೆ ಮನ್ನಿ. ನಾಳೆಕ್ಕಿ ಶೂಟ್ ಇರುಕ್ಕು.”

“ಏಕಾದಶಿ ಒಂದಿನ ಬಿಟ್ಟು ಮಿಕ್ಕೆಲ್ಲಾ ದಿನ ಉಪವಾಸ ಮಾಡೋನನ್ನ ನಿನ್ನೊಬ್ಬನನ್ನೇ ಕಂಡಿದ್ದು ನಾನು,” ಎಂದಿದ್ದೆ.

ಅವನಿಗೆ ಬೇಸರವಾಗುತ್ತಿರಲಿಲ್ಲ. ಬೇಸರಪಟ್ಟರೆ ಹಣೆ ನೆರಿಗೆಯಾಗುತ್ತದಲ್ಲ! ದೇವರ ಪಾಯಸಕ್ಕೆಂದು ನಾನು ನೆನೆಹಾಕಿದ ಬಾದಾಮಿಯನ್ನು ಬೆಳಗಿನ ಹೊತ್ತಿಗೆ ತಿಂದು ಮುಗಿಸಿ, “ದೇವರಿಗೆ ಎದುಕ್ಕು ಮನ್ನಿ ಸ್ಕಿನ್‌ ಕೇರ್?” ಎಂದು ನಗುತ್ತಿದ್ದ. ಜನಿವಾರ ಮೈಗೆ ಕಡಿಯುತ್ತದೆಂದು ಬಚ್ಚಲಿನ ಮೊಳೆಗೆ ನೇತುಹಾಕಿ ಬಂದವನು ಮತ್ತೆ ಹಾಕಿಕೊಳ್ಳಲಿಲ್ಲ. ನಾನೇ ಅದನ್ನು ತೆಗೆದು ತುಳಸಿಯ ಬುಡಕ್ಕೆ ಹಾಕಿದೆ. ಮಾವನಿಗೆ ಹೇಳಲಿಲ್ಲ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಫೋಟೋ ತೆಗೆಯುವವರಿಗೆ ಹೊಸದೊಂದು ಹುಚ್ಚು ಹತ್ತಿತು. ಸೂಟು ಬೂಟು ಹಳತಾಯಿತು, ಪಂಚೆ ಉಟ್ಟ ಗಂಡಸರು ಬೇಕಾದರು. ಹಿಂದೆ ಕಲ್ಲಿನ ಕಂಬ, ಪಕ್ಕದಲ್ಲಿ ಉಯ್ಯಾಲೆ, ಮುಂದೆ ಹಿತ್ತಾಳೆಯ ಪಾತ್ರೆ. ನನ್ನ ಮಡಿನೀರಿನ ಕೊಡವನ್ನು ಕೇಳದೆಯೇ ಒಯ್ದು, ಅದರ ತುಂಬ ತಾವರೆ ಹೂ ತುರುಕಿ ಚಿತ್ರ ತೆಗೆಸಿಕೊಂಡು ಬಂದ. ನಾಲ್ಕು ತಲೆಮಾರಿನಲ್ಲಿ ನಮ್ಮ ಮನೆಯಲ್ಲಿ ಕೊಡಕ್ಕೆ ಯಾರೂ ನೀರಿನ ಹೊರತು ಮತ್ತೇನೂ ತುಂಬಿರಲಿಲ್ಲ.

“ಹೆರಿಟೇಜ್ ಮನ್ನಿ, ಹೆರಿಟೇಜ್! ಈಗ ಅದುಕ್ಕೇ ಡಿಮ್ಯಾಂಡು. ನನ್ನ ಮುಖದಲ್ಲೇ ಇದೆಯಂತೆ.”

“ಮುಖದಲ್ಲಿರೋದು ನಿಮ್ಮಪ್ಪಂದು. ಐದು ಗಂಟೆಗೆ ಎದ್ರೆ ಅದು ಪುಕ್ಕಟೆ ಸಿಗುತ್ತೆ.”

“ಐದು ಗಂಟೆಗೆ ಎದ್ರೆ ಕಣ್ಣ ಕೆಳಗೆ ಕಪ್ಪಾಗುತ್ತೆ ಮನ್ನಿ.”

ಒಂದು ಬಟ್ಟೆ ಅಂಗಡಿಯವರು ಮದುವೆ ಪಂಚೆಯ ಜಾಹೀರಾತಿಗೆ ಅವನನ್ನು ಮದುಮಗನನ್ನಾಗಿ ಆರಿಸಿದರು. ಕಚ್ಚೆ ಕಟ್ಟಲು ಅವನಿಗೆ ಬರುತ್ತಿರಲಿಲ್ಲ. ಕಲಿಸಿಕೊಡಿ ಎಂದು ಅಪ್ಪನ ಮುಂದೆ ನಿಂತ. ಮಾವನ ಸಂತೋಷ ನೋಡಬೇಕಿತ್ತು. ಎಪ್ಪತ್ತು ದಾಟಿದ ಆ ಮನುಷ್ಯ ಮಗನ ಮುಂದೆ ಮೊಣಕಾಲೂರಿ ಕೂತು, ನಿರಿಗೆ ಹಿಡಿದು, “ಇಲ್ಲಿ ಒಂದು, ಹಿಂದೆ ಒಂದು, ಬಿಗಿಯಾಗಿ ಸಿಕ್ಕಿಸ್ಬೇಕು ಕಣ್ಣಾ, ಆಮೇಲೆ ಓಡಿದ್ರೂ ಬಿಚ್ಚಲ್ಲ,” ಎಂದು ಹೇಳಿಕೊಟ್ಟರು. ಮಗ ದಾರಿಗೆ ಬಂದನೆಂದೇ ಅವರು ತಿಳಿದಿದ್ದು. ಸಂಜೆ ಹಿಂತಿರುಗಿದವನು ಬಾಯಿತುಂಬ ವರದಿ ಒಪ್ಪಿಸಿದ. ಕಚ್ಚೆಯನ್ನು ಹಿಂದುಗಡೆ ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಹಿಡಿಸಿದರಂತೆ. ಎಲ್ಲ ಜಾತಿಯವರೂ ಪಂಚೆ ಕೊಳ್ಳಬೇಕಲ್ಲ ಎಂದು ಹಣೆಗೆ ಮೇಲೊಂದು ಅಡ್ಡಗೆರೆ, ಕೆಳಗೊಂದು ಉದ್ದಗೆರೆ ಎಳೆದರಂತೆ. ಹೊಸ ಜನಿವಾರ ದೀಪದ ಬೆಳಕಿಗೆ ಬಿಳಿಚಿಕೊಂಡು ಕಾಣುತ್ತದೆಂದು ಮೇಕಪ್ಪಿನ ಹೆಂಗಸು ಅದನ್ನು ಚಹಾದಲ್ಲಿ ಅದ್ದಿ ಹಳತು ಮಾಡಿ ಹಾಕಿದಳಂತೆ.

“ಚಹಾದಲ್ಲಾ?” ಎಂದೆ.

“ಸಕ್ಕರೆ ಇಲ್ಲದ ಚಹಾ ಮನ್ನಿ,” ಎಂದ, ಅದೇ ಮಡಿಯೆನ್ನುವ ಹಾಗೆ.

ಎರಡು ತಿಂಗಳಲ್ಲಿ ಅಡಯಾರ್ ಸಿಗ್ನಲಿನಲ್ಲಿ ಮೂರು ಅಂತಸ್ತಿನೆತ್ತರದ ಹೋರ್ಡಿಂಗು ಎದ್ದಿತು. ಮಾವ ನೋಡಬೇಕೆಂದರು. ಆಟೋದಲ್ಲಿ ನಾನೇ ಕರೆದುಕೊಂಡು ಹೋದೆ. ರಸ್ತೆ ಬದಿಗೆ ನಿಲ್ಲಿಸಿ ಇಬ್ಬರೂ ಕತ್ತೆತ್ತಿದೆವು. ಕೊರಳಲ್ಲಿ ಹಾರ, ಪಕ್ಕದಲ್ಲಿ ಯಾರದೋ ಹುಡುಗಿ, ಆ ಎರಡು ಗುಳಿ, ಆ ನಗು. ಮಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಜನಿವಾರ ಎಲ್ಲಿದೆ ನೋಡಮ್ಮ.”

ನೋಡಿದೆ. ಬಲ ಹೆಗಲ ಮೇಲಿತ್ತು.

ದೇವರ ಕೆಲಸಕ್ಕೆ ಜನಿವಾರ ಎಡ ಹೆಗಲ ಮೇಲಿರುತ್ತದೆ. ಬಲಕ್ಕೆ ಹಾಕಿಕೊಂಡು ಅಪಸವ್ಯ ಮಾಡುವುದು ಸತ್ತ ಹಿರಿಯರಿಗೆ ಎಳ್ಳುನೀರು ಬಿಡುವಾಗ. ಅಪ್ಪ ಬದುಕಿರುವವನಿಗೆ ಆ ಕೆಲಸವೇ ಇಲ್ಲ.

“ನಾನು ಇಲ್ಲಿ ಆಟೋದಲ್ಲಿ ಕೂತಿದೀನಿ,” ಎಂದರು ಮಾವ. “ನನ್ನ ಮಗ ಅಲ್ಲಿ, ಹಾರ ಹಾಕ್ಕೊಂಡು, ನನಗೆ ತರ್ಪಣ ಬಿಡಕ್ಕೆ ನಿಂತಿದಾನೆ. ಊರೆಲ್ಲಾ ನೋಡ್ಲಿ ಅಂತ.”

ಮನೆಗೆ ಬಂದ ಮೇಲೆ ಮೈದುನ ತಿಳಿಯಹೇಳಿದ. ಅಂಗಡಿಯ ಹೆಸರಿಗೆ ಎಡಗಡೆ ಜಾಗ ಬೇಕಿತ್ತಂತೆ, ಅದಕ್ಕೆ ಚಿತ್ರವನ್ನೇ ಮಗುಚಿ ಅಚ್ಚು ಹಾಕಿದರಂತೆ. ಎಡ ಬಲವಾಯಿತು, ಅಷ್ಟೇ.

“ಚುಮ್ಮಾ ಫ್ಲಿಪ್ ಮಾಡಿದಾರೆ ಅಪ್ಪಾ. ಅದನ್ನ ಯಾರು ನೋಡ್ತಾರೆ?”

“ನಾನು ನೋಡಿದೆ. ನೀನು ನೋಡ್ಲಿಲ್ವಾ?”

ಆ ಹೋರ್ಡಿಂಗಿನ ಕೆಳಗೆ ಅವನು ಮೂರು ಸಲ ಹೋಗಿ ನಿಂತು ಬಂದಿದ್ದನೆಂದು ನನಗೆ ಗೊತ್ತಿತ್ತು. ಮೂರು ಸಲವೂ ಅವನು ನೋಡಿದ್ದು ದವಡೆಯನ್ನು.

“ಆ ಜನಿವಾರ ಎಡಕ್ಕೆ ಬಂದ ದಿನ ನನ್ನ ಮುಂದೆ ಬಾ. ಅಲ್ಲೀವರೆಗೂ ಬೇಡ,” ಎಂದು ಮಾವ ಒಳಗೆ ಹೋದರು.

ಚಿತ್ರ ಸರಿಮಾಡಿ ಎಂದು ಅಂಗಡಿಯವರನ್ನು ಕೇಳಿದನಂತೆ, ಅವರು ನಕ್ಕರಂತೆ. ಹೋರ್ಡಿಂಗು ಆರು ತಿಂಗಳು ಇತ್ತು. ಅಷ್ಟು ದಿನವೂ ಮಾವ ಸುತ್ತುಬಳಸಿನ ದಾರಿಯಲ್ಲೇ ಓಡಾಡಿದರು. ಮೈದುನ ಬೊಂಬಾಯಿಗೆ ಹೋದ. ಭಾನುವಾರ ಫೋನು ಮಾಡುತ್ತಿದ್ದ, ಮಾವ ಎದ್ದು ಬರುತ್ತಿರಲಿಲ್ಲ. “ಮನ್ನಿ, ನೀವಾದ್ರೂ ಒಂದು ವಾರ್ತೆ, ಒಂದೇ ಮಾತು ಹೇಳಿ ಅಪ್ಪನ್ ಹತ್ರ,” ಎಂದು ಪ್ರತಿ ಸಲವೂ ಬೇಡುತ್ತಿದ್ದ. ಆಗಲಿ ಎನ್ನುತ್ತಿದ್ದೆ. ಹೇಳುತ್ತಿರಲಿಲ್ಲ. ಅಂಥವನಿಗೋಸ್ಕರ ನಾನೇಕೆ ಬಾಯಿ ತೆರೆಯಲಿ ಎಂಬ ತಾತ್ಸಾರ. ಮೂರು ವರ್ಷ ಹೀಗೆ ಹೋಯಿತು. ಅದರಲ್ಲಿ ನನ್ನ ಪಾಲು ಎಷ್ಟೆಂದು ಮೇಲಿರುವವನಿಗೆ ಗೊತ್ತು.

ಮಾವನಿಗೆ ಬಲಭಾಗಕ್ಕೆ ಪಾರ್ಶ್ವವಾಯು ಬಡಿಯಿತು. ಮಾತು ತೊದಲಿತು. ಆಗ ಬಂದ ಅವನು, ಒಂದು ಬೆಳಿಗ್ಗೆ, ಕಂಕುಳಲ್ಲಿ ಕಂದು ಕಾಗದ ಸುತ್ತಿದ ಚೌಕಟ್ಟು ಹಿಡಿದು. ಬಿಚ್ಚಿದ. ಅದೇ ಚಿತ್ರ! ಫೋಟೋದವನನ್ನು ಹುಡುಕಿ, ಹಳೆಯ ನೆಗೆಟಿವ್ ತೆಗೆಸಿ, ಸರಿಯಾಗಿ ಅಚ್ಚು ಹಾಕಿಸಿ, ಗಾಜು ಕೂರಿಸಿ ತಂದಿದ್ದ. ಜನಿವಾರ ಎಡಕ್ಕೆ ಬಂದಿತ್ತು. ನನ್ನ ಮೈಯೆಲ್ಲ ಉರಿಯಿತು. ಕ್ಷಮೆ ಕೇಳುವುದಕ್ಕೂ ತನ್ನದೇ ಫೋಟೋ ತಂದವನನ್ನು ಏನೆನ್ನಬೇಕು?

ಮಾವ ತುಂಬ ಹೊತ್ತು ನೋಡಿದರು. ಆಮೇಲೆ ಹತ್ತಿರ ಬಾ ಎಂದು ಸನ್ನೆ ಮಾಡಿದರು. ಅವನು ಬಗ್ಗಿದ. ಮಾವ ಎಡಗೈಯನ್ನು ಅವನ ಅಂಗಿಯ ಕಾಲರಿನೊಳಗೆ ತೂರಿಸಿ, ಹೆಗಲನ್ನು, ಕೊರಳ ಗುಳಿಯನ್ನು ತಡವಿದರು. ಅಲ್ಲಿ ಏನೂ ಇರಲಿಲ್ಲ.

“ಪಟದಲ್ಲಿದೆ,” ಎಂದರು ತೊದಲುತ್ತ. “ಮೈಮೇಲಿಲ್ಲ.”

ಹೊರಗೆ ಹೋಗೆನ್ನುತ್ತಾರೆಂದುಕೊಂಡೆ. ನಿಜ ಹೇಳುತ್ತೇನೆ, ಎನ್ನಲಿ ಎಂದೇ ಕಾದೆ. ಮಾವ ನನ್ನ ಕಡೆ ತಿರುಗಿ, ಗದ್ದದಿಂದ ದೇವರಗೂಡು ತೋರಿಸಿದರು. ಅಲ್ಲಿ ಹೊಸ ಜನಿವಾರ ಇಟ್ಟಿರುತ್ತಿದ್ದೆವು. ಅವನನ್ನು ಸ್ನಾನಕ್ಕೆ ಕಳಿಸಿದರು. ಒದ್ದೆ ಮೈಯಲ್ಲಿ ಬಂದು ಮಂಚದ ಪಕ್ಕ ಕೂತ. ಹಾಕಲು ಎರಡು ಕೈ ಬೇಕು, ಅಪ್ಪನಿಗೆ ಇದ್ದದ್ದು ಎಡಗೈ ಒಂದೇ. ಮಗನ ಬಲಗೈ ಸೇರಿತು. ಮಂತ್ರ ಗೊತ್ತಿದ್ದವರಿಗೆ ನಾಲಿಗೆ ಇರಲಿಲ್ಲ, ನಾಲಿಗೆ ಇದ್ದವನಿಗೆ ಮಂತ್ರ ಗೊತ್ತಿರಲಿಲ್ಲ. ಅವರು ಅರ್ಧ ಅಕ್ಷರ ಹೇಳುವುದು, ಇವನು ಊಹಿಸುವುದು, ತಪ್ಪಿದರೆ ಅವರು ಕಣ್ಣು ಮುಚ್ಚಿ ಮತ್ತೆ ಮೊದಲಿನಿಂದ. ಎರಡು ಸಾಲಿಗೆ ಅರ್ಧ ಗಂಟೆ ಹಿಡಿಯಿತು. ಒಲೆಯ ಮೇಲೆ ನನ್ನ ಹುಳಿ ಸೀದುಹೋಯಿತು, ನಾನು ಏಳಲಿಲ್ಲ.

ಹನ್ನೊಂದು ದಿನ ಮಾವ ಇದ್ದರು. ಆ ಹನ್ನೊಂದು ದಿನವೂ ಅವನು ಅಪ್ಪನ ಮೈ ಒರೆಸಿದ, ಗಂಜಿ ಕುಡಿಸಿದ. ಮಧ್ಯೆ ಮಧ್ಯೆ ಬೀರುವಿನ ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಳ್ಳುವುದನ್ನೂ ಬಿಡಲಿಲ್ಲ. ಮಾವ ಹೋದ ಮೇಲೆ ಮಕ್ಕಳಿಬ್ಬರೂ ತಲೆ ಬೋಳಿಸಿಕೊಳ್ಳಬೇಕು. ಶೂಟ್ ಇದೆಯೆಂದು ಇವನು ತಪ್ಪಿಸಿಕೊಳ್ಳುತ್ತಾನೆ ಎಂದು ನನ್ನವರ ಹತ್ತಿರ ಪಂತ ಕಟ್ಟಿದ ಹಾಗೆ ಹೇಳಿದ್ದೆ. ಅಣ್ಣನಿಗಿಂತ ಮೊದಲು ಹೋಗಿ ಕತ್ತಿಯ ಕೆಳಗೆ ಕೂತ.

ಪುರೋಹಿತರು ‘ಅಪಸವ್ಯ’ ಎಂದಾಗ ನನ್ನವರು ಜನಿವಾರವನ್ನು ಬಲಕ್ಕೆ ತಂದುಕೊಂಡರು. ಮೈದುನನ ಕೈ ಏಳಲಿಲ್ಲ. ಪುರೋಹಿತರು ಇನ್ನೊಮ್ಮೆ ಹೇಳಿದರು. ಅವನು ಎರಡು ಬೆರಳಲ್ಲಿ ಆ ದಾರ ಹಿಡಿದು, ತಲೆಯ ಮೇಲಿಂದ ತೆಗೆದು, ಬಲ ಹೆಗಲ ಮೇಲಿಟ್ಟುಕೊಂಡ. ಬಾಯಿ ಸೊಟ್ಟಗಾಗಿ, ಮೂಗು ಸೋರುತ್ತಿತ್ತು. ತನ್ನ ಮುಖ ಹೇಗೆ ಕಾಣುತ್ತಿದೆಯೆಂದು ಅವನಿಗೆ ಗೊತ್ತಿಲ್ಲದ್ದನ್ನು ನಾನು ಕಂಡದ್ದು ಆ ಒಂದೇ ಸಲ.

ಅದರಿಂದ ಅವನು ಬದಲಾದನೆಂದು ಬರೆದರೆ ಕಥೆಯಾಗುತ್ತದೆ. ಬೊಂಬಾಯಿಗೆ ಹಿಂತಿರುಗಿದ ಒಂದೇ ವಾರದಲ್ಲಿ, ಬೋಳುತಲೆಯಲ್ಲೂ ಹೆರಿಟೇಜ್ ಕಂಡ ಒಬ್ಬ ಮಹಾನುಭಾವ ಅವನ ಚಿತ್ರ ತೆಗೆದನಂತೆ.

“ಅಪ್ಪ ಹೋದ ತಲೇನೂ ಮಾರಿಕೊಂಡ್ಯಾ?” ಎಂದು ಫೋನಿನಲ್ಲೇ ಕೇಳಿದೆ.

“ಕ್ಯಾಮೆರಾ ಮುಂದೆ ನಿಂತೆ ಮನ್ನಿ,” ಎಂದ. “ಶರ್ಟ್ ಕಳಟ್ಟು ಅಂದ್ರು. ತೆಗೀಲಿಲ್ಲ. ಒಳಗಿರೋ ಜನಿವಾರ ಅಪ್ಪಂದು ಅಂದೆ.”

ಅಷ್ಟಾದರೂ ಆಯಿತಲ್ಲ ಎಂದುಕೊಂಡೆ. ಆ ಮಾತನ್ನು ಅವನಿಗೆ ಕೇಳುವ ಹಾಗೆ ಹೇಳಬಹುದಿತ್ತು.

ಈಗ ಸುದ್ದಿ ತಿಳಿದು ನನ್ನವರು ಪೆರುಂಗುಡಿಯ ಆಫೀಸಿನಿಂದ ಹೊರಟಿದ್ದಾರೆ, ಸಂಜೆಯ ವಿಮಾನಕ್ಕೆ ಬೊಂಬಾಯಿಗೆ ಹೋಗಬೇಕು. ಇನ್ನು ಹತ್ತು ದಿನ ಸೂತಕ, ಮನೆಯಲ್ಲಿ ಪೂಜೆಯಿಲ್ಲ. ನೈವೇದ್ಯಕ್ಕೆಂದು ಇಟ್ಟಿದ್ದ ಅನ್ನದ ಒಲೆ ಆರಿಸಿ, ಬಂದ ಕೂಡಲೇ ಅವರಿಗೆ ಸ್ನಾನವಾಗಲಿ ಎಂದು ಬಚ್ಚಲಿಗೆ ಹೋಗಿ ಎರಡು ಬಕೆಟ್ ನೀರು ತುಂಬಿದೆ.