ಉಪ್ಪು ನೋಡುವವರು ಯಾರು?

ಶಿಗ್ಗಾವಿಯಲ್ಲಿ ಹೆಣ್ಣುಮಕ್ಕಳ ಉದ್ದಿಮೆಗೆಂದು ನಡೆಸಿದ ತರಬೇತಿಯಲ್ಲಿ, ದೂರದಿಂದ ಬಂದಿದ್ದ ಸಾಹೇಬರೊಬ್ಬರು ಬೋರ್ಡಿನ ಮೇಲೆ ದುಂಡಗೆ ದುಂಡಗೆ ಬರೆದು, ನಡುವೆ ಬಾಣ ಎಳೆದು, ಇದಕ್ಕೆ ಇಕೋಸಿಸ್ಟಮ್ ಅನ್ನುತ್ತಾರೆ ಎಂದರು. ವ್ಯಾಪಾರ ಅನ್ನುವುದು ಒಬ್ಬರಿಂದ ಆಗುವುದಲ್ಲ, ಸುತ್ತಲಿನ ಹತ್ತು ಜನ ಸೇರಿದರೇ ಆಗುವುದು ಅಂತ ಅದರ ಅರ್ಥವಂತೆ. ನಿಮ್ಮ ಸುತ್ತ ಯಾರ್ಯಾರಿದ್ದಾರೆ ಹೇಳಿ ಅಂತ ನನ್ನನ್ನೇ ಎಬ್ಬಿಸಿದರು.

"ಒಬ್ಬರು ಅಕ್ಕೋರು, ಒಬ್ಬಾಕಿ ಎಲಿ ತೋಟದಾಕಿ, ಮತ್ತ ಹಿರೇಕೆರೂರ ಬಸ್ಸಿನ ಕಂಡಕ್ಟರ್‌ರಿ" ಅಂದೆ.

ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬೇಗ ಬರುತ್ತದೆ, ಮೊದಲೇ ಹೇಳಿಬಿಡುವುದು ಒಳ್ಳೆಯದು. ಆದರೆ ನಾನು ಹೇಳಿದ್ದು ನಿಜವೇ ಆಗಿತ್ತು.

ಸವಣೂರಿನಲ್ಲಿ ಖಾರ, ಅಂದರೆ ಸೇವು ಬೂಂದಿ ಕಲಸಿದ ಕುರುಕಲು ತಿಂಡಿ, ಮಾಡಿ ಮಾರುವ ನಮ್ಮ ಕಂಪನಿಗೆ ಮೂವರು ಒಡತಿಯರು. ಅಕ್ಕೋರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಮಠದ ಓಣಿಯವರು, ಅಜ್ಜ ಮುತ್ತಜ್ಜರ ಕಾಲದಿಂದ ಮನೆಯಲ್ಲಿ ಪಾಠ ಪ್ರವಚನ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಮುಟ್ಟದ ಇವರು ಬೆಳ್ಳುಳ್ಳಿ ಹಾಕಿದ ಖಾರಕ್ಕೆ ಲೈಸೆನ್ಸ್ ತಂದರು, ಪ್ಯಾಕೆಟ್ ಮಾಡಿಸಿದರು. ಕೇಳಿದವರಿಗೆಲ್ಲ, "ನಾ ತಿನ್ನೂದಿಲ್ಲ, ಖರೆ. ಮಾರಲಿಕ್ಕೆ ಏನಡ್ಡಿ ಅದ?" ಅಂತಿದ್ದರು. ಎರಡನೆಯವಳು ತೋಟದಾಕಿ, ವೀಳ್ಯದೆಲೆ ತೋಟದ ಮುಸಲ್ಮಾನರ ಮನೆಯ ಹೆಣ್ಣುಮಗಳು. ಅವರ ಎಲೆ ದಿನವೂ ಹಾನಗಲ್ಲಿಗೆ, ಹಿರೇಕೆರೂರಿಗೆ ಬಸ್ಸಿನಲ್ಲಿ ಹೋಗುವುದರಿಂದ ಆ ದಾರಿಯ ಕಂಡಕ್ಟರುಗಳೆಲ್ಲ ಅವಳಿಗೆ ಅಣ್ಣ ತಮ್ಮಂದಿರು. ಎಲೆಯ ಹೆಡಿಗೆಯ ಪಕ್ಕದಲ್ಲಿ ನಮ್ಮ ಖಾರದ ಚೀಲವೂ ಕುಳಿತು ಊರೂರು ನೋಡಿ ಬರುತ್ತಿತ್ತು. ಮೂರನೆಯವಳು ನಾನು. ಅಕ್ಕಿಆಲೂರಿನ ಹತ್ತಿರದ ಬೌದ್ಧರ ಮನೆಯವಳು. ಬುದ್ಧನ ಫೋಟೋ ನಮ್ಮ ಗೋಡೆಗೆ ಬಂದದ್ದು ಅಪ್ಪನ ಕಾಲದಲ್ಲಿ, ಮಿಲ್ಲಿನ ಕೂಲಿ ಬಂದದ್ದು ಅದಕ್ಕೂ ಮೊದಲು. ನಾನೂ ಮಿಲ್ಲಿನಲ್ಲಿ ಅಕ್ಕಿ ಹಸನು ಮಾಡುತ್ತಿದ್ದೆ. ಖಾರಕ್ಕೆ ತೆಳ್ಳನೆಯ ಅವಲಕ್ಕಿ ಹುರಿದು ಸೇರಿಸುವ ಉಪಾಯ ನನ್ನದು, ಬಾಣಲಿಯೂ ನನ್ನದೇ.

ಬಂಕಾಪುರದ ಹತ್ತಿರ ಹೈವೇ ಮೇಲಿನ ಒಂದು ದೊಡ್ಡ ಅಂಗಡಿಯವರು ಒಂದು ಸಲ ಮಾಲು ಕಳಿಸಿರಿ, ಗಿರಾಕಿಗೆ ಹಿಡಿಸಿದರೆ ಪ್ರತಿ ವಾರ ತಗೊಳ್ಳುತ್ತೇವೆ ಅಂದರು. ಹಿಡಿಸದಿದ್ದರೆ ಕಂಪನಿ ಮುಚ್ಚೋಣ ಅಂತ ನಾವು ಮೂವರೂ ಮಾತಾಡಿಕೊಂಡಿದ್ದೆವು, ಏಕೆಂದರೆ ತಿಂಗಳ ಕೊನೆಗೆ ನಮಗೆ ಉಳಿಯುತ್ತಿದ್ದದ್ದು ಸೀರೆಗೆ ಹತ್ತಿದ ಎಣ್ಣೆಯ ವಾಸನೆ ಒಂದೇ. ಮುಚ್ಚಿದರೆ ಅಕ್ಕೋರಿಗೆ ಪಿಂಚಣಿ ಇತ್ತು, ತೋಟದಾಕಿಗೆ ತೋಟ ಇತ್ತು. ನನಗೆ ಮಿಲ್ಲಿನ ಜರಡಿ. "ನಿನ್ನ ಜಾಗಾ ಹಂಗ ಐತಿ, ಯಾವಾಗರ ಬಾ" ಅಂತ ಮಿಲ್ಲಿನ ಮಾಲೀಕರು ಹೇಳಿ ಕಳಿಸುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದರು. ಆದರೆ ಒಡತಿ ಅನ್ನಿಸಿಕೊಂಡವಳು ಮತ್ತೆ ಆ ಜರಡಿಯ ಮುಂದೆ ಕೂರುವುದು ನನಗೆ ಬೇಡವಾಗಿತ್ತು.

ಮಾಲು ಕಳಿಸುವ ದಿನ ರಂಜಾನ್ ನಡೆದಿತ್ತು. ತೋಟದಾಕಿಗೆ ರೋಜಾ. ಅದೇ ದಿನ ಏಕಾದಶಿಯೂ ಬಂತು. ಅಕ್ಕೋರು ನೀರೂ ಮುಟ್ಟುವಂತಿಲ್ಲ. ಉಳಿದವಳು ನಾನು. ನನಗೋ ಎಂಥ ನೆಗಡಿ ಬಂದಿತ್ತೆಂದರೆ ಬೆಲ್ಲ ಯಾವುದು, ಹುಣಸೆ ಯಾವುದು ತಿಳಿಯುತ್ತಿರಲಿಲ್ಲ.

ಸೇವು, ಬೂಂದಿ, ಶೇಂಗಾ, ಅವಲಕ್ಕಿ ಎಲ್ಲ ಕಲಸಿ, ದೊಡ್ಡ ಪರಾತದಲ್ಲಿ ಹರವಿ, ಬೆವರು ಒರೆಸಿಕೊಳ್ಳುತ್ತಾ ಕೂತಾಗ ತೋಟದಾಕಿ ಸಹಜವಾಗಿ ಅಂದಳು: "ಅಕ್ಕೋರ, ನೀವು ಉಪಾಸ, ಮರತಿರ್ತೀರಿ ಅಂತ ಉಪ್ಪು ನಾನ ಹಾಕೇನ್ರಿ."

ಅಕ್ಕೋರ ಮುಖ ಬಿಳುಚಿತು. "ಅಯ್ಯ! ನಿನಗ ರೋಜಾ ಅದ, ತಲಿ ತಿರಗ್ತಿರತದ ಅಂತ ನಾ ಹಾಕೀನಲ್ಲವಾ!"

ನಾನು ಉಪ್ಪಿನ ಡಬ್ಬಿಯನ್ನು ಬೆನ್ನ ಹಿಂದಕ್ಕೆ ಸರಿಸಿದೆ. ಇಬ್ಬರೂ ಉಪವಾಸ, ಪಾಪ, ಇವರ ಲಕ್ಷ್ಯ ಎಲ್ಲಿರುತ್ತದೆ ಅಂತ ನಾನೂ ಹಾಕಿದ್ದೆ.

ಎಷ್ಟು ಹೆಚ್ಚಾಗಿದೆ ಅಂತ ನೋಡಬೇಕಲ್ಲ, ನೋಡುವವರು ಯಾರು? ನಾಲಿಗೆ ತುದಿಗೆ ಇಟ್ಟು ಉಗುಳಿದರೆ ರೋಜಾ ಮುರಿಯುವುದಿಲ್ಲ ಅಂತ ತನ್ನ ಅತ್ತೆ ಹೇಳುತ್ತಾರೆ, ಆದರೆ ಸೇವು ಸಾರಿನಂಥದ್ದಲ್ಲ, ಗಂಟಲಿಗೆ ಜಾರಿದರೆ ಏನು ಗತಿ ಅಂತ ತೋಟದಾಕಿ ಹೆದರಿದಳು. ನಾನು ಒಂದು ಮುಕ್ಕು ತಿಂದೆ. ಕುರುಕುರು ಅನ್ನುವುದು ಕೇಳಿಸಿತು, ಅಷ್ಟೇ. ಅಷ್ಟರಲ್ಲಿ ಹಿರೇಕೆರೂರಿನ ಚೀಲ ಒಯ್ಯಲು ಕಂಡಕ್ಟರ್ ಬಂದ. ಅವನಿಗೆ ಒಂದು ಹಿಡಿ ಕೊಟ್ಟೆವು.

"ಫಸ್ಟ್ ಕ್ಲಾಸ್ ಐತ್ರೀ" ಅಂದ. ಅಂದು, ಮೂಲೆಯ ಕೊಡದ ಹತ್ತಿರ ಹೋಗಿ ನೀರು ಕುಡಿದ. ಮತ್ತೆ ಕುಡಿದ. ಬಸ್ಸಿಗೆ ಹೊತ್ತಾಯಿತು ಅನ್ನುತ್ತಲೇ ಇನ್ನೊಮ್ಮೆ ಕುಡಿದ. ನಮಗೆ ತಿಳಿಯಬೇಕಾದದ್ದು ತಿಳಿಯಿತು.

ಟೆಂಪೊ ಬರಲು ಹೊತ್ತು ಉಳಿದಿರಲಿಲ್ಲ. ಹೊಸ ಸೇವು ಮಾಡಿ ಬೆರೆಸೋಣ ಅಂದರೆ ಕಡಲೆಹಿಟ್ಟೂ ಉಳಿದಿರಲಿಲ್ಲ. "ಎದುರಿನ ಕಾಕಾನ್ನ ಕರಕೊಂಡು ಬಾ" ಅಂದರು ಅಕ್ಕೋರು.

ಎದುರಿನ ಕಾಕಾ ಅಂದರೆ ನಮ್ಮ ವೈರಿ. ಅಜ್ಜನ ಕಾಲದ ಖಾರದ ಅಂಗಡಿ ಅವರದು. ನಾವು ಬಾಗಿಲು ತೆಗೆದ ದಿನ, "ಮೂರು ಮಂದಿ, ಮೂರು ದಿಕ್ಕು. ನೋಡೂಣಂತ ಎಷ್ಟ ದಿನ" ಅಂದಿದ್ದು ನನ್ನ ಕಿವಿಗೆ ಬಿದ್ದಿತ್ತು. ಅಂದಿನಿಂದ ನಾನು ಅವರ ಅಂಗಡಿಯ ನೆರಳೂ ತುಳಿದವಳಲ್ಲ. "ಬೇಕಾದ್ರ ಮಾಲು ಕೆರೀಗೆ ಚೆಲ್ಲತೇನಿ, ಅವರನ್ನ ಕರಿಯಾಕ ಹೋಗೂದಿಲ್ಲ" ಅಂದೆ. ಅಕ್ಕೋರು ತರಗತಿಯಲ್ಲಿ ನೋಡುತ್ತಿದ್ದ ಹಾಗೆ ಒಮ್ಮೆ ನೋಡಿದರು. ನಾನು ಹೋದೆ.

ಕಾಕಾ ಬಂದರು. ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಈಗ ನಗುತ್ತಾರೆ ನೋಡು ಅಂತ ನಾನು ಸೆರಗು ಸಿಗಿಸಿ ಜಗಳಕ್ಕೆ ತಯಾರಾಗಿ ನಿಂತಿದ್ದೆ. ಅವರು ನಗಲಿಲ್ಲ. ನಮ್ಮದೊಂದು ಖಾಲಿ ಪ್ಯಾಕೆಟ್ ಎತ್ತಿ ಹಿಂದೆ ಮುಂದೆ ನೋಡಿದರು.

"ಏನವಾ, ನಿಮ್ಮ ಹೆಸರು ಇಷ್ಟ ಸಣ್ಣಕ ಹಾಕೀರಿ, ಸವಣೂರ ಖಾರ ಅಂತ ಮಾತ್ರ ಇಷ್ಟ ದೊಡ್ಡಕ. ಹೈವೇದಾಗ ತಿಂದಾವ ನಿಮ್ಮನ್ನ ಬೈತಾನೇನು? ಸವಣೂರ ಖಾರ ಬರೇ ಉಪ್ಪು ಅಂತಾನ. ಆಮ್ಯಾಲೆ ನಾ ಏನು ಮಾರ್ಲಿ, ಮಣ್ಣು?"

ಆಮೇಲೆ ನಡೆದದ್ದೆಲ್ಲ ಗಡಿಬಿಡಿ. ಕಾಕಾನ ಅಂಗಡಿಯಲ್ಲಿ ಇನ್ನೂ ಉಪ್ಪು ಖಾರ ಬೀಳದ ಸಪ್ಪೆ ಸೇವು, ಬೂಂದಿ ತಯಾರಿದ್ದವು. ಅದರಲ್ಲಿ ಒಂದು ಪಾಲು ನಮ್ಮ ಪರಾತಕ್ಕೆ ಬಂತು, ಉಪ್ಪು ಹೆಚ್ಚಾದ ನಮ್ಮ ಖಾರದಲ್ಲಿ ಒಂದು ಪಾಲು ಅವರ ಪರಾತಕ್ಕೆ ಹೋಯಿತು. ಅವರು ತಿನ್ನುತ್ತಾ, "ಇನ್ನೊಂಚೂರು... ಸಾಕು" ಅನ್ನುತ್ತಾ ಎರಡೂ ಕಡೆ ಓಡಾಡಿದರು. ಏಕಾದಶಿಯ ಅಕ್ಕೋರು, ರೋಜಾದ ತೋಟದಾಕಿ, ಮೂಗು ಸೋರುವ ನಾನು ಕಲಸಿದ್ದೇ ಕಲಸಿದ್ದು. ಟೆಂಪೊ ಬಂದಾಗ ಕೊನೆಯ ಪ್ಯಾಕೆಟ್ ಸೀಲ್ ಆಗುತ್ತಿತ್ತು. ಆ ದಿನ ಸವಣೂರಿನ ಎದುರುಬದುರು ಅಂಗಡಿಗಳಲ್ಲಿ ಮಾರಿದ್ದು ಒಂದೇ ಖಾರ.

ಮೂರನೆಯ ದಿನ ಬಂಕಾಪುರದಿಂದ ಫೋನ್ ಬಂತು. "ಭಾಳ ಚಲೋ ಐತ್ರಿ, ಮುಂದಿನ ವಾರ ಜಾಸ್ತಿ ಕಳಸ್ರಿ" ಅಂದರು. ನಾನು ಫೋನ್ ಇಟ್ಟು ಅಲ್ಲೇ ಚೀಲದ ಮೇಲೆ ಕೂತು ಅತ್ತೆ. ನೆಗಡಿ ಇತ್ತಲ್ಲ, ಯಾರಿಗೂ ಗೊತ್ತಾಗಲಿಲ್ಲ ಅಂದುಕೊಂಡಿದ್ದೆ. ತೋಟದಾಕಿ ಬಂದು ಪಕ್ಕದಲ್ಲಿ ಕೂತಳು.

ಕೆಲವು ದಿನ ಬಿಟ್ಟು ಕಾಕಾ ಮುಖ ಊದಿಸಿಕೊಂಡು ಬಂದರು. ಕೈಯಲ್ಲಿ ಅವರದೇ ಅಂಗಡಿಯ ಪೊಟ್ಟಣ.

"ಆವತ್ತ ನಮ್ಮ ಹಳೇ ಗಿರಾಕಿ ಒಬ್ಬಾಕಿ ಬಂದು, ಕಾಕಾ, ಇವತ್ತ ಖಾರ ಭಾರಿ ಆಗೇತಿ ಅಂದ್ಲು."

"ಚಲೋ ಆತಲ್ರಿ" ಅಂದಳು ತೋಟದಾಕಿ.

"ಏನು ಚಲೋ ಆತು? ಹಂಗಾದ್ರ ಅಲ್ಲೀತನಕ ಹೆಂಗಿತ್ತು?"

ಅವರು ಪೊಟ್ಟಣ ಬಿಚ್ಚಿ ನನ್ನ ಮುಂದೆ ಹಿಡಿದರು. "ನಮ್ಮ ಅಂಗಡ್ಯಾಗ ಎಲ್ಲಾರೂ ಚಲೋ ಐತ್ರಿ ಮಾಲಕರ ಅನ್ನಾವ್ರ. ನಿನ್ನ ಬಾಯಿ ಒರಟು ಅಂತ ಓಣಿಗೆಲ್ಲಾ ಗೊತ್ತೈತಿ. ತಿಂದು ಹೇಳು."

ಅಷ್ಟು ಹೊತ್ತಿಗೆ ನನ್ನ ನೆಗಡಿ ಹೋಗಿತ್ತು. ಬಾಯಿಗೆ ಹಾಕಿದ ಕೂಡಲೇ ತಿಳಿಯಿತು. ಚಲೋ ಐತ್ರಿ ಅಂದುಬಿಟ್ಟರೆ ಮುಗಿಯಿತು, ದೀಪಾವಳಿಯ ಹೊತ್ತಿಗೆ ಇವರ ಅರ್ಧ ಗಿರಾಕಿಗಳು ರಸ್ತೆ ದಾಟಿ ನಮ್ಮ ಕಡೆ ಬರುತ್ತಾರೆ. ಈ ಲೆಕ್ಕ ನನ್ನ ತಲೆಗೆ ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಬೇಕೆಂದೇ ನಿಧಾನವಾಗಿ ಅಗಿದೆ.

"ಎಣ್ಣಿ ಹಳೇದ್ರಿ ಕಾಕಾ" ಅಂದೆ. "ಕಾಸಿದ್ದನ್ನ ಕಾಸೀರಿ. ಸೇವೂ ದಪ್ಪ ಆಗೇತಿ."

ಕಾಕಾನ ಕಿವಿ ಕೆಂಪಾದವು. ಪೊಟ್ಟಣ ಮಡಚಿ ಜೇಬಿಗೆ ತುರುಕಿ, ತಿರುಗಿ ಬಾಗಿಲ ತನಕ ಹೋದರು.

"ಸಿಟ್ಟು ಬಂತೇನ್ರಿ?" ಅಂದೆ.

"ಬಂದೈತಿ. ಭಾಳ ಬಂದೈತಿ" ಅಂದರು, ಚಪ್ಪಲಿ ಮೆಟ್ಟುತ್ತಾ. "ನಾಳೆ ಹೊಸಾ ಎಣ್ಣ್ಯಾಗ ಮಾಡಿ ತರತೇನಿ. ತಿಂದು ಹೇಳು."