ಒಂದು ಹಲ್ಲು ಆಚೆ ಕೂತ ಬೆಲ್ಟು

ನನ್ನ ಗಂಡ ಪ್ಯಾಂಟು ಕತ್ತರಿಸುವುದರಲ್ಲಿ ಎತ್ತಿದ ಕೈ. ಆ ಹೆಮ್ಮೆಯಲ್ಲೇ ಒಂದು ದಿನ ನಮ್ಮ ಹಳೇ ವ್ಯಾನಿನ ಎಂಜಿನ್ನಿಗೂ ಕೈ ಹಾಕಿದರು.

ಬೆಂಗಳೂರಿನ ಗಾರ್ಮೆಂಟ್ಸ್ ಬಿಟ್ಟು ರಾಯದುರ್ಗಕ್ಕೆ ಬಂದಮೇಲೆ ಆ ವ್ಯಾನೇ ನಮ್ಮ ಅನ್ನ. ಕಟಿಂಗ್ ಆದ ಜೀನ್ಸ್ ಬಟ್ಟೆಯ ಗಂಟುಗಳನ್ನು ಗುಮ್ಮಘಟ್ಟದ ಕಡೆಯ ಹಳ್ಳಿಗಳಲ್ಲಿ ಮನೆಯಲ್ಲೇ ಹೊಲಿಯುವ ಹೆಂಗಸರಿಗೆ ಹಂಚಿ, ಹೊಲಿದ ಪ್ಯಾಂಟುಗಳನ್ನು ಸಂಜೆಯೊಳಗೆ ಬಟ್ಟೆಯ ಮಾಲೀಕರಿಗೆ ಮುಟ್ಟಿಸಬೇಕು. ನಾವು ಬೆಂಗಳೂರಲ್ಲಿದ್ದಾಗ ಮಗಳು ಮಡಕಶಿರಾ ಕಡೆಯ ಗುಡಿಬಂಡೆಯಲ್ಲಿ ನನ್ನ ಅಮ್ಮನ ಹತ್ತಿರ ಬೆಳೆದಳು. ನನ್ನನ್ನು ಕಂಡರೆ ಅಜ್ಜಿಯ ಸೆರಗಿನ ಹಿಂದೆ ಅಡಗುತ್ತಿದ್ದಳು. ಈಗ ನನ್ನ ಮಗ್ಗುಲಲ್ಲೇ ಮಲಗುತ್ತಿದ್ದಳು. ವ್ಯಾನು ಓಡುವ ತನಕ ಅವಳು ನಮ್ಮ ಜೊತೆ. ನಿಂತರೆ ನಾವಿಬ್ಬರೂ ಮತ್ತೆ ಬೆಂಗಳೂರು, ಅವಳು ಮತ್ತೆ ಗುಡಿಬಂಡೆ. ಇದನ್ನು ನಾವು ಬಾಯಿಬಿಟ್ಟು ಆಡುತ್ತಿರಲಿಲ್ಲ.

ಎಂಜಿನ್ನಿನ ಹಲ್ಲುಹಲ್ಲಿನ ರಬ್ಬರ್ ಬೆಲ್ಟು, ಟೈಮಿಂಗ್ ಬೆಲ್ಟು ಅನ್ನುತ್ತಾರೆ, ಬಿರುಕು ಬಿಟ್ಟಿತ್ತು. ಮೆಕ್ಯಾನಿಕ್ ಊರಲ್ಲಿರಲಿಲ್ಲ. ಇವರು ಕಾಯಲಿಲ್ಲ. ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಿಂದ ಹಳೇ ಬೆಲ್ಟಿಗೂ ಅದು ಸುತ್ತುವ ಚಕ್ರಗಳಿಗೂ ಗೆರೆ ಎಳೆದರು. ಬಿಚ್ಚಿದ ಬೆಲ್ಟನ್ನು ಹೊಸದರ ಮೇಲಿಟ್ಟು, ಪ್ಯಾಟರ್ನಿನ ಗುರುತನ್ನು ಬಟ್ಟೆಗೆ ಇಳಿಸುವ ಹಾಗೆ ಗೆರೆ ಇಳಿಸಿಕೊಂಡರು. ಬೆಲ್ಟು ಕೂರಿಸಲೆಂದೇ ಕಂಪನಿಯವರು ಚಕ್ರದ ಮೇಲೆ ಕೊರೆದ ಗುರುತಿತ್ತು. ಅದರ ಕಡೆ ನೋಡಲೇ ಇಲ್ಲ. ಒಂದು ಗೆರೆ ಎರಡು ಹಲ್ಲುಗಳ ನಡುವೆ ಬಂದಾಗ, ಹೊಲಿಗೆಯಲ್ಲಿ ಬಟ್ಟೆ ಜಗ್ಗುವಂತೆ ಒಂದಿಷ್ಟು ಜಗ್ಗಿ ಕೂರಿಸಿಬಿಟ್ಟರು.

ವ್ಯಾನು ಸ್ಟಾರ್ಟ್ ಆಯಿತು. ಆದರೆ ನಿಂತಲ್ಲೇ ನಡುಗುತ್ತಿತ್ತು, ಏರು ಬಂದರೆ ಏದುಸಿರು ಬಿಡುತ್ತಿತ್ತು, ಪೆಟ್ರೋಲನ್ನಂತೂ ನೀರು ಕುಡಿದಂತೆ ಕುಡಿಯುತ್ತಿತ್ತು. ಬೆಲ್ಟಿನದೇ ತಪ್ಪಿರಬಹುದು, ಯಾರಿಗಾದರೂ ತೋರಿಸಿ ಎಂದು ಹೇಳಿ ಹೇಳಿ ನನಗೆ ಸಾಕಾಯಿತು.

“ಹೊಸಾ ಬೆಲ್ಟು, ಬಿರುಸಿರತೈತಿ. ಜೀನ್ಸ್ ವಾಶಿಂಗಿಗೆ ಹೋಗಿ ಬಂದ ಮ್ಯಾಲೆ ಮೆತ್ತಗಾಗಂಗಿಲ್ಲೇನು, ಹಂಗ” ಅಂದರು.

ಹೊಲಿಗೆ ಅಷ್ಟಿಷ್ಟು ಸೊಟ್ಟಗಿದ್ದರೂ ವಾಶಿಂಗಿನಲ್ಲಿ ಮುಚ್ಚಿಹೋಗುತ್ತದೆ ಎಂದು ನಂಬಿ ಬದುಕಿದವರು ಅವರು. ಪ್ಲಗ್ ಬದಲಿಸಿದರು, ಕಾರ್ಬುರೇಟರ್ ತೊಳೆದರು, ಪೆಟ್ರೋಲೇ ಸರಿಯಿಲ್ಲ ಎಂದು ಬೈದರು. ತಮ್ಮ ಚಾಕ್ ಗೆರೆಯ ಮೇಲೆ ಮಾತ್ರ ಅನುಮಾನ ಬರಲಿಲ್ಲ. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಮಗಳು ಎದುರಿಗಿರುತ್ತಿದ್ದಳು, ನುಂಗಿಕೊಳ್ಳುತ್ತಿದ್ದೆ.

ಪ್ಯಾಂಟುಗಳು ದಿನಾ ತಡವಾದವು. ವಾಶಿಂಗಿಗೆ ಹೋಗುವ ಲಾರಿ ಮೇಲಿಂದ ಮೇಲೆ ತಪ್ಪಿತು. ಮಾಲೀಕರು ಬೈಯಲೂ ಇಲ್ಲ. ಕೆಲಸವನ್ನು ಸುಮ್ಮನೆ ಇನ್ನೊಂದು ಗಾಡಿಗೆ ಕೊಟ್ಟರು. ಬೆಂಗಳೂರಿನ ಹಳೇ ಫ್ಯಾಕ್ಟರಿಗೆ ಫೋನ್ ಮಾಡಿದೆವು. ಬನ್ನಿ ಅಂದರು.

ಮಗಳನ್ನು ಅಮ್ಮನ ಹತ್ತಿರ ಬಿಟ್ಟುಬರಲು ಅದೇ ವ್ಯಾನಿನಲ್ಲಿ ಹೊರಟೆವು. ಮಡಕಶಿರಾ ಹತ್ತಿರದ ಒಂದು ಏರಿನಲ್ಲಿ ಅದು ನಿಂತೇಬಿಟ್ಟಿತು. ಊರೊಳಗಿಂದ ಕರೆತಂದ ಮೆಕ್ಯಾನಿಕ್ ಮುಚ್ಚಳ ಬಿಚ್ಚಿ ನೋಡಿದ.

“ಬೆಲ್ಟು ಒಂದ್ ಹಲ್ಲು ಆಚೆ ಕೂತೈತಣ್ಣ. ಇಷ್ಟ್ ದಿನ ಹೆಂಗೆ ಓಡಿಸ್ದೆ?”

ಇವರು ಬಗ್ಗಿ ಚಕ್ರದ ಮೇಲಿನ ಗುರುತು ನೋಡಿದರು. ನಾನು ಮಗಳಿಗೆ ರಸ್ತೆ ಬದಿಯ ಮರದ ನೆರಳಲ್ಲಿ ತಂದಿದ್ದ ಬುತ್ತಿ ಉಣಿಸಿ ಮುಗಿಸುವುದರೊಳಗೆ ಅವನು ಸರಿಮಾಡಿದ್ದ. ಇಷ್ಟೇ ಕೆಲಸ. ಇಷ್ಟೇ ಕೆಲಸಕ್ಕೆ ನಮ್ಮ ಸಂಸಾರ ಮುರಿದಿತ್ತು. ಗಾಡಿ ಸರಿಯಾದರೂ ಕೈಬಿಟ್ಟ ಕೆಲಸ ತಿರುಗಿ ಬರುವಂತಿರಲಿಲ್ಲ.

ಅಲ್ಲಿಂದ ವ್ಯಾನು ಸಲೀಸಾಗಿ ಓಡಿತು. ಏರು ಬಂದದ್ದೇ ಗೊತ್ತಾಗಲಿಲ್ಲ. ಮಗಳು ನನ್ನ ತೊಡೆಯ ಮೇಲೆ ಕೂತು ಗಾಳಿಗೆ ಮುಖ ಒಡ್ಡಿ ನಗುತ್ತಿದ್ದಳು. ಇವರ ಮುಖ ನೋಡುವ ಧೈರ್ಯ ನನಗಿರಲಿಲ್ಲ.

“ಒಸಿ ನಿಧಾನಕ್ಕೆ ಹೋಗ್ರಿ” ಅಂದೆ.

ಅವರು ಕಾಲು ಹಗುರ ಮಾಡಿದರು. ಆದರೂ ಗುಡಿಬಂಡೆ ಬೇಗ ಬಂತು.