ಗುಡುಗುವ ತಿಂಗಳಲ್ಲಿ ಹಾಕಿದ ಅಪ್‌ಡೇಟ್

ಕಪಾಟು ಒರೆಸುವಾಗ ಹಳೆಯ ಹೆಡ್‌ಫೋನ್ ಸಿಕ್ಕಿತು. ಕಿವಿಯ ಸ್ಪಂಜು ಪುಡಿಪುಡಿಯಾಗಿ ಕೈಗೆಲ್ಲ ಕಪ್ಪು ಅಂಟಿತು. ಮೂಸಿದರೆ ಮುಗ್ಗಲು ವಾಸನೆ. ಅಷ್ಟಕ್ಕೇ ಉಡುಪಿ ಹತ್ತಿರದ ಹಿರಿಯಡ್ಕದ ಸ್ಟುಡಿಯೋ ಕಣ್ಣ ಮುಂದೆ ಬಂತು.

ಸ್ಟುಡಿಯೋ ಪೊರ್ಬುಗಳದ್ದು. ಕ್ರಿಶ್ಚಿಯನ್ ಗಂಡಸರನ್ನು ಈ ಕಡೆ ಗೌರವದಿಂದ ಹಾಗೆ ಕರೆಯುವುದು. ಇವರು ಗಲ್ಫಿನಿಂದ ವಾಪಸಾಗಿ ಕ್ಯಾಮೆರಾ ಹಿಡಿದವರು. ನಾನು ಬಾಗಲಕೋಟೆ ಕಡೆಯವಳು. ಗಂಡನ ಗಾರೆ ಕೆಲಸದ ಬೆನ್ನಿಗೆ ಇಲ್ಲಿಗೆ ಬಂದು, ಮದುವೆ ವಿಡಿಯೋ ಎಡಿಟ್ ಮಾಡುವುದನ್ನು ಅವರಿಂದಲೇ ಕಲಿತೆ. ಮೊದಲ ದಿನ ಅವರು ಹೇಳಿಕೊಟ್ಟ ಪಾಠ ಮಾತ್ರ ಬೇರೆಯೇ.

"ಗುಡುಗು ಕೇಳಿತಾ, ಮತ್ತೆ ಎಂತದೂ ನೋಡ್ಲಿಕ್ಕಿಲ್ಲ. ಪ್ಲಗ್ ಎಳಿ."

ಸಿಡಿಲಿಗೆ ಟಿವಿಯೋ ಫೋನೋ ಸುಟ್ಟುಹೋಗದ ಮನೆ ಇಲ್ಲಿ ಕಡಿಮೆ. ಆದ್ದರಿಂದ ಕಂಪ್ಯೂಟರಿಗೆ ಅಪ್‌ಡೇಟ್ ಹಾಕುವುದಕ್ಕೂ ಪೊರ್ಬುಗಳದ್ದೊಂದು ಪಂಚಾಂಗವಿತ್ತು. ಮಳೆಗಾಲ ಬೇಡ, ಗುಡುಗಿನ ತಿಂಗಳಾದ ಅಕ್ಟೋಬರ್ ಬೇಡವೇ ಬೇಡ. ನಡುವೆ ಕರೆಂಟು ಹೋದರೆ ಕಂಪ್ಯೂಟರೇ ಕೆಡುತ್ತದೆಂದು, ಪೇಪರಿನ ವಿದ್ಯುತ್ ನಿಲುಗಡೆ ಪ್ರಕಟಣೆ ಕತ್ತರಿಸಿ ಮಾನಿಟರಿಗೆ ಅಂಟಿಸುತ್ತಿದ್ದರು. ಕ್ರಿಸ್ಮಸ್ ಕಳೆದ ಮೇಲೆ, ಮೋಡವಿಲ್ಲದ ಒಂದು ಬೆಳಿಗ್ಗೆ, ಮುಗಿಯುವ ತನಕ ಎದುರಿಗೇ ಕುಳಿತು ಹಾಕುತ್ತಿದ್ದರು. ನನಗೆ ನಗು ಬರುತ್ತಿತ್ತು.

ಆ ಅಕ್ಟೋಬರಿನಲ್ಲಿ ಅವರ ಹೆಂಡತಿಗೆ ಗಂಟಲಿನ ಕ್ಯಾನ್ಸರ್ ಎಂದು ಗೊತ್ತಾಯಿತು. ಕ್ರಿಶ್ಚಿಯನ್ ಹೆಂಗಸರನ್ನು ಇಲ್ಲಿ ಗೌರವದಿಂದ ಕರೆಯುವಂತೆ ಅವರನ್ನು ನಾವೆಲ್ಲ ಬಾಯಿ ಎನ್ನುತ್ತಿದ್ದೆವು. ಮಣಿಪಾಲದಲ್ಲಿ ಆಪರೇಷನ್, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಮತ್ತೆ ಮಾತಿಲ್ಲ. ಹೊರಡುವ ಮುನ್ನಾದಿನ ಪೊರ್ಬುಗಳು ಬಾಯಿಯನ್ನು ಸ್ಟುಡಿಯೋದ ಸ್ಟೂಲಿನಲ್ಲಿ ಕೂರಿಸಿ ರೆಕಾರ್ಡ್ ಮಾಡಿದರು. ಮನೆಮಾತು ಕೊಂಕಣಿಯಾದರೂ, ನಾನಿದ್ದೆನೆಂದು ಬಾಯಿ ಕನ್ನಡದಲ್ಲೇ ಮಾತಾಡಿದರು. ಎಂತ ಹೇಳುವುದು ಎಂದು ನಾಚಿ, ಕೊನೆಗೆ ಬಂಗುಡೆ ಮೀನಿನ ವಿಷಯ... ನಾನು ಇದೇ ಹೆಡ್‌ಫೋನ್ ಹಾಕಿ ಕೇಳಿ, ಕಂಪ್ಯೂಟರಿಗೆ ತುಂಬಿಸಿದೆ. ಕ್ಯಾಮೆರಾದ ಕಾರ್ಡ್ ಅಳಿಸಿ ಮದುವೆಯೊಂದಕ್ಕೆ ಕಳಿಸಿದ್ದಾಯಿತು.

"ಇನ್ನೊಂದು ಕಾಪಿ ಮಾಡಿಡು ಮಾರಾಯ್ತಿ" ಎಂದರು ಪೊರ್ಬುಗಳು. ಆಯಿತು ಎಂದೆ. ಮಾಡಲಿಲ್ಲ.

ಆಪರೇಷನ್ನಿನ ದಿನ ಸ್ಟುಡಿಯೋದಲ್ಲಿ ನಾನೊಬ್ಬಳೇ. ಅಪ್‌ಡೇಟಿನ ಸೂಚನೆ ಪದೇ ಪದೇ ಎದ್ದು ಎಡಿಟಿಂಗಿಗೆ ಅಡ್ಡ ಬರುತ್ತಿತ್ತು. ಮಧ್ಯಾಹ್ನದ ಉರಿಬಿಸಿಲು, ತುಣುಕು ಮೋಡವಿಲ್ಲ. ರೇಗಿ "ಈಗಲೇ" ಒತ್ತಿಬಿಟ್ಟೆ.

ಶೇಕಡಾ ಮೂವತ್ತಕ್ಕೆ ಬಂದು ನಿಂತಿತು. ಮೂರು ಗಂಟೆಯ ಹೊತ್ತಿಗೆ ಕಾರ್ಕಳದ ದಿಕ್ಕು ಕಪ್ಪಾಯಿತು. ರಸ್ತೆಯಲ್ಲಿ ಗಾಳಿ ನಿಂತುಹೋಯಿತು. ಮೂವತ್ತೊಂದು. ಕಂಪ್ಯೂಟರ್ ಆಫ್ ಮಾಡಬೇಡಿ ಎಂದು ಪರದೆ ಹೇಳುತ್ತಲೇ ಇತ್ತು. ಯುಪಿಎಸ್ಸಿನ ಬ್ಯಾಟರಿ ಸತ್ತು ತಿಂಗಳಾಗಿತ್ತು. ನಾನು ಕುರ್ಚಿಯ ತುದಿಯಲ್ಲಿ ಕುಳಿತು ದೇವರನ್ನು ನೆನೆಯುತ್ತಿದ್ದೆ.

ತಲೆಯ ಮೇಲೆಯೇ ಗುಡುಗಿತು. ನಾನು ಯೋಚಿಸಲಿಲ್ಲ. ನೋಡಿದರೆ ಪ್ಲಗ್ಗು ಕೈಯಲ್ಲಿತ್ತು.

ಕಂಪ್ಯೂಟರಿನ ಹಳೆಯ ಡಿಸ್ಕ್ ಮತ್ತೆ ಏಳಲಿಲ್ಲ, ಬಾಯಿಯ ಧ್ವನಿಯೂ ಅದರೊಳಗೇ ಹೋಯಿತು. ಉಡುಪಿಯ ಇಬ್ಬರು ರಿಪೇರಿಯವರು ತಲೆಯಾಡಿಸಿದರು.

ವಾರದ ಮೇಲೆ ಪೊರ್ಬುಗಳು ಬಂದರು. ಗುಡುಗಿಗೆ ಹೋಯಿತು ಎಂದಷ್ಟೇ ಹೇಳಿದೆ. ಅವರು ನೆಲದಲ್ಲಿ ಬಿದ್ದಿದ್ದ ಪ್ಲಗ್ಗನ್ನು ನೋಡಿದರು.

"ಪ್ಲಗ್ ತೆಗ್ದಿದ್ದಿಯಲ್ಲ, ಅದು ಸರಿ. ನಾನೇ ಹೇಳಿಕೊಟ್ಟದ್ದಲ್ವಾ."

ಅಪ್‌ಡೇಟಿನ ಬಟನ್ ಒತ್ತಿದ್ದನ್ನು ಮುಚ್ಚಿಟ್ಟೆ. ಹೇಡಿ ನಾನು. ಅವರು ಪ್ಲಗ್ಗನ್ನು ಎತ್ತಿ ಮೇಜಿನ ಮೇಲಿಟ್ಟು ಕೇಳಿದರು, "ನೀನು ಕೇಳಿದ್ದಿಯಲ್ಲ, ಎಂತ ಹೇಳಿದ್ದಳು ಅವಳು?"

"ಬಂಗುಡೆಯ ಕಣ್ಣು ನೋಡಿ ತನ್ನಿ, ಕೆಂಪಾದದ್ದು ಬೇಡ, ಮತ್ತೆ ನಿಮಗೇ ಹೊಟ್ಟೆನೋವು ಅಂತ ಹೇಳಿದ್ರು."

ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ಆಮೇಲೂ ಕೇಳುತ್ತಿದ್ದರು. ನಾನು ಬಾಯಿಯ ರಾಗದಲ್ಲೇ ಹೇಳಲು ನೋಡುತ್ತಿದ್ದೆ. ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಎಷ್ಟು ಸಲ ಹೇಳಿದೆನೋ...

ಪೊರ್ಬುಗಳು ಈಗಿಲ್ಲ. ನಿಜ ಹೇಳದೆಯೇ ಅವರನ್ನು ಕಳಿಸಿಕೊಟ್ಟೆ. ಬಾಯಿ ಇದ್ದಾರೆ, ಪೇಟೆಯಲ್ಲಿ ಕಂಡರೆ ಕೈ ಎತ್ತುತ್ತಾರೆ, ನಾನು ಬೇಗ ಬೇಗ ನಡೆಯುತ್ತೇನೆ.

ಮೇಜಿನ ಮೇಲೆ ನನ್ನ ಲ್ಯಾಪ್‌ಟಾಪ್ ಕೇಳುತ್ತಿದೆ, ಈಗಲೋ ನಂತರವೋ ಎಂದು. ಹೊರಗೆ ಚೆನ್ನಾಗಿ ಬಿಸಿಲಿದೆ. "ನಂತರ" ಒತ್ತಿ, ಹೆಡ್‌ಫೋನನ್ನು ಕಿವಿಗಿಟ್ಟುಕೊಂಡೆ. ಬಂಗುಡೆಯ ಮಾತು ಒಂದಕ್ಷರ ತಪ್ಪದೆ ನೆನಪಿದೆ. ಆದರೆ ಅದನ್ನು ಹೇಳುತ್ತಿರುವ ಧ್ವನಿ ಬಾಯಿಯದ್ದಲ್ಲ, ನನ್ನದು.